ಹ್ಯಾಮ್ ನಿಲ್ದಾಣದಲ್ಲಿ ರಾಸ್ಪ್‌ಬೆರಿ ಪೈ 4: ಮುಂಬಯಿಯಿಂದ ಒಂದು ದೀರ್ಘ ಬಳಕೆಯ ವಿಮರ್ಶೆ

ಚೆಂಬೂರಿನ ಫ್ಲ್ಯಾಟಿನಲ್ಲಿರುವ ನನ್ನ ಹವ್ಯಾಸಿ ರೇಡಿಯೊ (ಹ್ಯಾಮ್) ನಿಲ್ದಾಣದಲ್ಲಿ 4 ಜಿಬಿ ಮೆಮೊರಿಯ ರಾಸ್ಪ್‌ಬೆರಿ ಪೈ 4 ಎಂಬ ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರು ಕೆಲವು ವರ್ಷಗಳಿಂದ ಹಗಲಿರುಳು ಕೆಲಸ ಮಾಡುತ್ತಿದೆ. 40 ಮೀಟರ್ ಬ್ಯಾಂಡಿನಲ್ಲಿ ಸಿಗುವ ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ಗೆಳೆಯರು ಆಗಾಗ ಕೇಳುವುದು ಎರಡು ಪ್ರಶ್ನೆ: ಮನೆಯಲ್ಲಿ ಲ್ಯಾಪ್‌ಟಾಪ್ ಇರುವಾಗ ಈ ಪುಟ್ಟ ಬೋರ್ಡು ಏಕೆ, ಕೊಳ್ಳುವುದಾದರೆ ಯಾವುದನ್ನು ಕೊಳ್ಳಬೇಕು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕೆಲಸಕ್ಕೆ ಬೇಕಾದ ಸಂಸ್ಕರಣಾ ಶಕ್ತಿ ಈ ಬೋರ್ಡಿನಲ್ಲಿ ಧಾರಾಳವಾಗಿದೆ. ನಿಲ್ದಾಣ ನೆಮ್ಮದಿಯಿಂದ ನಡೆಯುವುದೋ ಇಲ್ಲವೋ ಎಂಬುದು ಅದಕ್ಕೆ ನಾವು ಕೊಡುವ 5 ವೋಲ್ಟ್ ವಿದ್ಯುತ್ತು, ಸರಿಯಾದ ಸಮಯ ಮತ್ತು ಮೆಮೊರಿ ಕಾರ್ಡು, ಈ ಮೂರರ ಮೇಲೆ ನಿಂತಿದೆ.

ಇದರ ಮುಖ್ಯ ಕೆಲಸ ಎಫ್‌ಟಿ8, ಅಂದರೆ ತೀರ ದುರ್ಬಲ ಸಂಕೇತದಲ್ಲೂ ಕಂಪ್ಯೂಟರಿನ ಮೂಲಕ ಚಿಕ್ಕ ಸಂದೇಶ ವಿನಿಮಯ ಮಾಡುವ ರೇಡಿಯೊ ವಿಧಾನ. 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಜೋ ಟೇಲರ್ ಅವರು ಸ್ಟೀವ್ ಫ್ರಾಂಕೆ ಅವರೊಂದಿಗೆ 2017ರಲ್ಲಿ ಹೊರತಂದ ಈ ವಿಧಾನದಲ್ಲಿ ಕಾಲವನ್ನು 15 ಸೆಕೆಂಡುಗಳ ಸರದಿಗಳಾಗಿ ಹಂಚಲಾಗಿದೆ. ಸಂದೇಶ ಗಾಳಿಯಲ್ಲಿರುವುದು 12.64 ಸೆಕೆಂಡು, ಉಳಿದ ಎರಡು ಸೆಕೆಂಡಿನ ಆಸುಪಾಸಿನ ಬಿಡುವಿನಲ್ಲಿ ಕಂಪ್ಯೂಟರು ಬ್ಯಾಂಡಿನಲ್ಲಿ ಬಂದ ಸಂಕೇತಗಳನ್ನೆಲ್ಲ ಬಿಡಿಸಿ ತೆರೆಯ ಮೇಲೆ ಇಡಬೇಕು, ಆಪರೇಟರು ಯಾರಿಗೆ ಉತ್ತರ ಕೊಡಬೇಕೆಂದು ನಿರ್ಧರಿಸಬೇಕು. ಸಂಜೆಯ ಹೊತ್ತು 14.074 ಮೆಗಾಹರ್ಟ್ಸ್‌ನಲ್ಲಿ ಯುರೋಪು ತೆರೆದುಕೊಂಡಾಗ ಸಂಕೇತಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಹಿಂದೆ ಬಳಸುತ್ತಿದ್ದ ಪೈ 3 ಇಂಥ ಹೊತ್ತಿನಲ್ಲಿ ಮುಂದಿನ ಸರದಿ ಆರಂಭವಾದ ಮೇಲೂ ಬಿಡಿಸುತ್ತಲೇ ಇರುತ್ತಿತ್ತು. ಪೈ 4ರಲ್ಲಿರುವ 1.5 ಗಿಗಾಹರ್ಟ್ಸ್‌ನ ನಾಲ್ಕು ಕಾರ್ಟೆಕ್ಸ್-ಎ72 ಕೋರುಗಳು ಡಬ್ಲ್ಯುಎಸ್‌ಜೆಟಿ-ಎಕ್ಸ್ ತಂತ್ರಾಂಶದ ಆಳವಾದ ಡಿಕೋಡ್ (ಸಂಕೇತ ಬಿಡಿಸುವ) ಆಯ್ಕೆಯನ್ನೂ ಸಮಯದೊಳಗೆ ಮುಗಿಸುತ್ತವೆ. ಗದ್ದಲಕ್ಕಿಂತ 20 ಡೆಸಿಬೆಲ್ ಕೆಳಗಿರುವ ಸಂಕೇತವೊಂದು, ಕಿವಿಗೆ ಏನೂ ಕೇಳಿಸದಿದ್ದರೂ, ಕಾಲ್‌ಸೈನ್ (ನಿಲ್ದಾಣದ ಗುರುತಿನ ಹೆಸರು) ಆಗಿ ತೆರೆಯ ಮೇಲೆ ಮೂಡುವುದನ್ನು ನೋಡುವ ಸಂತೋಷ ನನಗೆ ಇಂದಿಗೂ ಕಡಿಮೆಯಾಗಿಲ್ಲ.

ಪೈ 4ರಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರವಿಲ್ಲ. ಇಂಟರ್ನೆಟ್ ಸಿಗದಿದ್ದರೆ ಅದು ಹಿಂದಿನ ಸಲ ಆರಿಸಿದಾಗಿನ ಸಮಯದಿಂದಲೇ ಎಣಿಕೆ ಮುಂದುವರಿಸುತ್ತದೆ, ಎಫ್‌ಟಿ8ಗಾದರೋ ಸಮಯ ಒಂದು ಸೆಕೆಂಡಿನ ಒಳಗೆ ಸರಿಯಿರಬೇಕು. ಡಿಎಸ್3231 ಚಿಪ್ಪಿರುವ ಸಣ್ಣ ಗಡಿಯಾರದ ಮಾಡ್ಯೂಲನ್ನು ಬೋರ್ಡಿನ ಜಿಪಿಐಒ ಪಿನ್ನುಗಳಿಗೆ (ಹೊರಗಿನ ಸಾಧನಗಳನ್ನು ಜೋಡಿಸುವ ಕಡ್ಡಿಗಳಿಗೆ) ಸೇರಿಸಿದರೆ ಈ ಕೊರತೆ ಬಹುಮಟ್ಟಿಗೆ ನೀಗುತ್ತದೆ. ಅದರ ತಪ್ಪು ಹತ್ತು ಲಕ್ಷದಲ್ಲಿ ಎರಡು ಭಾಗದಷ್ಟು, ಅಂದರೆ ಹೆಚ್ಚೆಂದರೆ ದಿನಕ್ಕೆ ಸುಮಾರು 0.17 ಸೆಕೆಂಡು, ಆದ್ದರಿಂದ ನಾಲ್ಕೈದು ದಿನಗಳ ಮಟ್ಟಿಗೆ ಚಿಂತೆಯಿಲ್ಲ. ಬಾಲ್ಕನಿಯಿಂದ ಆಕಾಶ ಕಾಣುವವರು ಜಿಪಿಎಸ್ ಮಾಡ್ಯೂಲನ್ನೇ ಹಾಕುವುದು ಉತ್ತಮ. ಅದರ ಪ್ರತಿ ಸೆಕೆಂಡಿನ ಮಿಡಿತವನ್ನು ಒಂದು ಪಿನ್ನಿಗೆ ಕೊಟ್ಟು ಗಡಿಯಾರ ಸರಿಪಡಿಸುವ ಕ್ರೋನಿ ತಂತ್ರಾಂಶವನ್ನು ಹೊಂದಿಸಿದರೆ ಡಬ್ಲ್ಯುಎಸ್‌ಜೆಟಿ-ಎಕ್ಸ್‌ನ ಡಿಟಿ (ಸಮಯದ ಅಂತರ) ಕಾಲಮ್ಮಿನಲ್ಲಿ ಕಾಣುವ ವ್ಯತ್ಯಾಸವೆಲ್ಲ ಎದುರಿನ ನಿಲ್ದಾಣದ್ದೇ ಎಂದು ನಂಬಬಹುದು.

ಇನ್ನು ವಿದ್ಯುತ್ತು. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ದೊಡ್ಡ ವಿಷಯ, ಏಕೆಂದರೆ ಮುಂಬಯಿಯ ಫ್ಲ್ಯಾಟಿನಲ್ಲಿ ಎಚ್‌ಎಫ್ (ಕಿರುತರಂಗ) ಕೇಳುವವನಿಗೆ ದುರ್ಬಲ ಸಂಕೇತಕ್ಕಿಂತ ಮೊದಲು ಎದುರಾಗುವುದು ಅಕ್ಕಪಕ್ಕದ ಗದ್ದಲ. ಲಿಫ್ಟಿನ ಮೋಟಾರು, ಎಲ್‌ಇಡಿ ದೀಪಗಳ ಡ್ರೈವರು, ನೆರೆಮನೆಯ ಇನ್ವರ್ಟರು ಎಲ್ಲವೂ ವಾಟರ್‌ಫಾಲ್‌ನಲ್ಲಿ (ಬ್ಯಾಂಡಿನ ಸಂಕೇತಗಳನ್ನು ತೋರುವ ಚಲಿಸುವ ಚಿತ್ರದಲ್ಲಿ) ಗೆರೆ ಎಳೆಯುತ್ತವೆ, ಅವು ನಮ್ಮ ಕೈಯಲ್ಲಿಲ್ಲ. ನಮ್ಮ ಮೇಜಿನ ಮೇಲಿರುವುದು ಮಾತ್ರ ನಮ್ಮ ಹೊಣೆ. ರಿಗ್ಗಿನ (ರೇಡಿಯೊ ಸೆಟ್ಟಿನ) 13.8 ವೋಲ್ಟ್ ಸಪ್ಲೈಯಿಂದಲೇ ಬೋರ್ಡಿಗೂ ವಿದ್ಯುತ್ ಕೊಡೋಣವೆಂದು ಅನೇಕರು ಎಲ್‌ಎಂ2596 ಚಿಪ್ಪಿನ ಅಗ್ಗದ ಬಕ್ ಕನ್ವರ್ಟರನ್ನು (ವೋಲ್ಟೇಜು ಇಳಿಸುವ ಸಾಧನವನ್ನು) ಬಳಸುತ್ತಾರೆ. ಅದು 150 ಕಿಲೋಹರ್ಟ್ಸ್‌ನಲ್ಲಿ ಸ್ವಿಚ್ ಆಗುವುದರಿಂದ ಅದರ ಹಾರ್ಮೋನಿಕ್‌ಗಳು (ಆ ಆವರ್ತನದ ಗುಣಕಗಳು) 80 ಮತ್ತು 40 ಮೀಟರ್ ಬ್ಯಾಂಡುಗಳ ಉದ್ದಕ್ಕೂ ಬೇಲಿಯ ಗೂಟಗಳ ಹಾಗೆ ನಿಂತುಬಿಡುತ್ತವೆ. ಲೋಹದ ಡಬ್ಬಿ, ಒಳಗೂ ಹೊರಗೂ ಫಿಲ್ಟರು ಇಲ್ಲದೆ ಅದನ್ನು ಬಳಸಬಾರದು. ನಾನು ಬೋರ್ಡಿನ ತಯಾರಕರದೇ 5.1 ವೋಲ್ಟ್, 3 ಆಂಪಿಯರ್ ಅಡಾಪ್ಟರನ್ನು ಇಟ್ಟುಕೊಂಡು, ಅದರ ತಂತಿಯನ್ನು ಗದ್ದಲ ತಡೆಯುವ 31ನೇ ಮಿಶ್ರಣದ ಫೆರೈಟ್ ಉಂಗುರದೊಳಗೆ ಹಲವು ಸುತ್ತು ಸುತ್ತಿದ್ದೇನೆ. ಯುಎಸ್‌ಬಿ ತಂತಿಗಳಿಗೂ ಇದೇ ಏರ್ಪಾಡು. ಪರೀಕ್ಷಿಸುವ ಕ್ರಮ ಸುಲಭ: ರಿಗ್ಗನ್ನು ಬ್ಯಾಟರಿಯಲ್ಲಿ ನಡೆಸಿ, ಬೋರ್ಡನ್ನು ಪೂರ್ತಿ ಆರಿಸಿ ಸಂಕೇತದ ಬಲ ತೋರುವ ಎಸ್ ಮೀಟರನ್ನು ನೋಡಿಕೊಳ್ಳಬೇಕು, ಆಮೇಲೆ ಒಂದೊಂದೇ ತಂತಿಯನ್ನು ಜೋಡಿಸುತ್ತ ಗದ್ದಲ ಎಲ್ಲಿ ಏರುತ್ತದೆಂದು ಗಮನಿಸಬೇಕು. ಎಚ್‌ಡಿಎಂಐ ತಂತಿ 2 ಮೀಟರ್ ಬ್ಯಾಂಡಿನಲ್ಲಿ ಗದ್ದಲ ಮಾಡುವುದು ಹೀಗೆ ತಿಳಿದ ಮೇಲೆ ನಾನು ಮಾನಿಟರನ್ನೇ ತೆಗೆದು ಒಳಕೋಣೆಯ ಲ್ಯಾಪ್‌ಟಾಪಿನಿಂದ ವಿಎನ್‌ಸಿ (ದೂರದಿಂದ ತೆರೆಯನ್ನು ನೋಡಿ ನಡೆಸುವ ತಂತ್ರಾಂಶ) ಮೂಲಕ ಬೋರ್ಡನ್ನು ನಡೆಸುತ್ತಿದ್ದೇನೆ.

ವೋಲ್ಟೇಜು 4.63ಕ್ಕಿಂತ ಕೆಳಗಿಳಿದರೆ ಬೋರ್ಡು ಅದನ್ನು ದಾಖಲಿಸಿ ಪ್ರೊಸೆಸರಿನ ವೇಗವನ್ನು ತಗ್ಗಿಸುತ್ತದೆ. ಡಿಕೋಡ್ ನಿಧಾನವಾಯಿತೆಂದು ತಂತ್ರಾಂಶವನ್ನು ದೂರುವವರು ಮೊದಲು ಯುಎಸ್‌ಬಿ ತಂತಿಯ ದಪ್ಪವನ್ನು ನೋಡಬೇಕು.

ಮೆಮೊರಿ ಕಾರ್ಡಿನ ಮಾತು ಬೇರೆ. ಸದಾ ಬರೆಯುವ ಕೆಲಸಕ್ಕೆ ಸಾಮಾನ್ಯ ಕಾರ್ಡು ತಯಾರಾಗಿರುವುದಿಲ್ಲ. ಬರೆಯುತ್ತಿರುವಾಗ ಕರೆಂಟು ಹೋದರೆ ಕಡತವ್ಯವಸ್ಥೆಯೇ ಕೆಡುವುದುಂಟು. ಸಿಸಿಟಿವಿ ಕ್ಯಾಮೆರಾಗಳಿಗೆಂದು ಮಾರುವ ಹೆಚ್ಚು ಬಾಳಿಕೆಯ ಕಾರ್ಡು, ಲಾಗುಗಳನ್ನು ಕಾರ್ಡಿನ ಬದಲು ರ್ಯಾಮ್‌ನಲ್ಲೇ ಇಡುವ ಏರ್ಪಾಡು, ಡಬ್ಲ್ಯುಎಸ್‌ಜೆಟಿ-ಎಕ್ಸ್ ಬೆಳೆಸುತ್ತಲೇ ಹೋಗುವ ಆಲ್.ಟಿಎಕ್ಸ್‌ಟಿ ಕಡತವನ್ನು ಆಗಾಗ ಖಾಲಿ ಮಾಡುವ ಅಭ್ಯಾಸ, ಇವಿಷ್ಟರಿಂದ ನನ್ನ ನಿಲ್ದಾಣ ನಿರಾತಂಕವಾಗಿದೆ. ಎಸ್‌ಎಸ್‌ಡಿ ಇನ್ನೂ ಗಟ್ಟಿ, ಆದರೆ ಯುಎಸ್‌ಬಿ 3 ಸಾಧನಗಳು 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಹೊರಸೂಸಿ ವೈ-ಫೈಯನ್ನು ಕುಗ್ಗಿಸುವುದರಿಂದ ಆಗ ಬೋರ್ಡಿಗೆ ಲ್ಯಾನ್ ತಂತಿ ಹಾಕುವುದು ಲೇಸು.

ಮೇ ತಿಂಗಳ ಸೆಕೆಯಲ್ಲೂ ಫ್ಯಾನ್ ಇಲ್ಲದ ಅಲ್ಯುಮಿನಿಯಂ ಕವಚ ಸಾಕಾಗಿದೆ. ಪ್ರೊಸೆಸರು ತನ್ನ ವೇಗ ತಗ್ಗಿಸಿಕೊಳ್ಳುವ 80 ಡಿಗ್ರಿಯ ಹತ್ತಿರಕ್ಕೂ ಅದು ಹೋಗುವುದಿಲ್ಲ. ಕಡಲ ಗಾಳಿಯ ಉಪ್ಪು ಬೋರ್ಡಿಗಿಂತ ಮೊದಲು ತಾರಸಿಯ ಆಂಟೆನಾ ಕನೆಕ್ಟರನ್ನು ತಿನ್ನುತ್ತದೆ, ಮಳೆಗಾಲಕ್ಕೆ ಮುಂಚೆ ಅದಕ್ಕೆ ಟೇಪು ಸುತ್ತುವುದನ್ನು ಮರೆಯಬಾರದು.

ಪೈಯಲ್ಲಿ ಧ್ವನಿ ಒಳಬರುವ ದಾರಿಯಿಲ್ಲ. ಹಳೆಯ ರಿಗ್ ಇರುವವರಿಗೆ ಯುಎಸ್‌ಬಿ ಸೌಂಡ್ ಕಾರ್ಡು ಬೇಕು, ಎರಡೂ ಕಡೆ ಐಸೊಲೇಶನ್ ಟ್ರಾನ್ಸ್‌ಫಾರ್ಮರು ಇದ್ದರೆ ಗುಂಯ್‌ಗುಡುವ ಸದ್ದು ಸೇರುವುದಿಲ್ಲ. ಪಿಟಿಟಿಗಾಗಿ (ರಿಗ್ಗನ್ನು ಪ್ರಸಾರಕ್ಕೆ ತಿರುಗಿಸುವ ಸ್ವಿಚ್ಚಿಗಾಗಿ) ಜಿಪಿಐಒ ಪಿನ್ನಿನಿಂದ ಸಣ್ಣ ಮಾಸ್ಫೆಟ್ ಟ್ರಾನ್ಸಿಸ್ಟರನ್ನು ನಡೆಸುವವರು ಒಂದು ವಿಷಯ ತಿಳಿದಿರಬೇಕು: ಬೋರ್ಡು ಶುರುವಾಗುವಾಗ 0ರಿಂದ 8ರವರೆಗಿನ ಜಿಪಿಐಒಗಳು ಮೇಲಕ್ಕೂ ಉಳಿದವು ಕೆಳಕ್ಕೂ ಎಳೆಯಲ್ಪಟ್ಟಿರುತ್ತವೆ. ಆದ್ದರಿಂದ ಪಿಟಿಟಿಗೆ 9 ಅಥವಾ ಅದಕ್ಕಿಂತ ಮೇಲಿನ ಸಂಖ್ಯೆಯನ್ನೇ ಆರಿಸಬೇಕು. ಇಲ್ಲದಿದ್ದರೆ ಕರೆಂಟು ಹೋಗಿ ಬಂದಾಗ ರಿಗ್ ತಾನಾಗಿಯೇ ಪ್ರಸಾರಕ್ಕೆ ಇಳಿಯಬಹುದು. ಡೈರ್‌ವುಲ್ಫ್ ತಂತ್ರಾಂಶ ಬಳಸಿ ಎಪಿಆರ್‌ಎಸ್ (ನಿಲ್ದಾಣಗಳ ಸ್ಥಾನ, ಕಿರುಸಂದೇಶ ಸಾರುವ ವ್ಯವಸ್ಥೆ) ಪ್ಯಾಕೆಟ್‌ಗಳನ್ನು ಬಿಡಿಸುವುದಕ್ಕೂ ಇದೇ ಸೌಂಡ್ ಕಾರ್ಡು ಸಾಲುತ್ತದೆ, ಆ ಕೆಲಸ ಬೋರ್ಡಿಗೆ ಲೆಕ್ಕಕ್ಕೇ ಇಲ್ಲ.

ಈ ಬೋರ್ಡಿನಿಂದ ನನಗೆ ಹೆಚ್ಚು ಖುಷಿ ಸಿಕ್ಕಿರುವುದು ಕ್ಯೂಒ-100 ಆಲಿಸುವುದರಲ್ಲಿ. 2018ರ ನವೆಂಬರಿನಲ್ಲಿ ಹಾರಿದ, 25.9 ಡಿಗ್ರಿ ಪೂರ್ವ ರೇಖಾಂಶದಲ್ಲಿ ಸ್ಥಿರವಾಗಿರುವ ಎಸ್‌ಹೈಲ್-2 ಉಪಗ್ರಹದಲ್ಲಿ ಹ್ಯಾಮ್‌ಗಳಿಗೆಂದೇ ಇಟ್ಟಿರುವ, ಸಂಕೇತವನ್ನು ಪಡೆದು ಭೂಮಿಗೆ ಮರಳಿ ಕಳಿಸುವ ಟ್ರಾನ್ಸ್‌ಪಾಂಡರು ಇದು. ಭೂಸ್ಥಿರ ಕಕ್ಷೆಯಲ್ಲಿ ನಮಗೆ ಸಿಕ್ಕ ಮೊದಲನೆಯದು. ನಮ್ಮ ಕಟ್ಟಡದ ಡಿಟಿಎಚ್ ತಟ್ಟೆಗಳೆಲ್ಲ ಆಗ್ನೇಯದ ಕಡೆ ನೋಡುತ್ತಿದ್ದರೆ ನನ್ನದು ಅರಬ್ಬಿ ಸಮುದ್ರದ ಕಡೆ, ಪಶ್ಚಿಮದಿಂದ ಕೊಂಚ ದಕ್ಷಿಣಕ್ಕೆ, ದಿಗಂತದಿಂದ ಸುಮಾರು 33 ಡಿಗ್ರಿ ಎತ್ತರಕ್ಕೆ ಮುಖ ಮಾಡಿದೆ. 10489.5 ಮೆಗಾಹರ್ಟ್ಸ್‌ನಿಂದ ಆರಂಭವಾಗುವ ಅದರ ಸಂಕೇತ, ತಟ್ಟೆಯ ಮುಂದಿರುವ ಗ್ರಾಹಕ ಘಟಕವಾದ ಸಾಮಾನ್ಯ ಎಲ್‌ಎನ್‌ಬಿಯ 9750 ಮೆಗಾಹರ್ಟ್ಸ್ ಆಂದೋಲಕದಲ್ಲಿ ಬೆರೆತು 739.5ಕ್ಕೆ ಇಳಿಯುತ್ತದೆ, ಆರ್‌ಟಿಎಲ್-ಎಸ್‌ಡಿಆರ್ ಡಾಂಗಲಿಗೆ (ಯುಎಸ್‌ಬಿಗೆ ಸಿಕ್ಕಿಸುವ ರೇಡಿಯೊ ಗ್ರಾಹಕಕ್ಕೆ) ಅದು ಸುಲಭದ ತುತ್ತು. ಡಾಂಗಲಿನ 4.5 ವೋಲ್ಟ್ ಬಯಾಸ್ ಎಲ್‌ಎನ್‌ಬಿಗೆ ಸಾಲದು, ಪ್ರತ್ಯೇಕವಾಗಿ ಬಯಾಸ್-ಟೀ (ಆಂಟೆನಾ ತಂತಿಯಲ್ಲೇ ವಿದ್ಯುತ್ ಹಾಯಿಸುವ ಸಾಧನ) ಮೂಲಕ 12 ವೋಲ್ಟ್ ಕೊಡಬೇಕು. ಮಧ್ಯಾಹ್ನದ ಬಿಸಿಲಿಗೂ ರಾತ್ರಿಯ ತಂಪಿಗೂ ಎಲ್‌ಎನ್‌ಬಿಯ ಆವರ್ತನ ಜರುಗುವುದರಿಂದ, ಟ್ರಾನ್ಸ್‌ಪಾಂಡರಿನ ನಡುವಿನ ಬೀಕನ್ (ಗುರುತಿನ ಸ್ಥಿರ ಸಂಕೇತ) ನೋಡಿ ಆಗಾಗ ಸರಿಪಡಿಸಿಕೊಳ್ಳಬೇಕಾಗುತ್ತದೆ. ಅಷ್ಟು ಮಾಡಿದರೆ ಯುರೋಪು, ಆಫ್ರಿಕಾ, ಪಶ್ಚಿಮ ಏಷ್ಯಾದ ಧ್ವನಿಗಳು ಕಿರುತರಂಗಗಳನ್ನು ಮರಳಿಸುವ ಅಯಾನಗೋಳದ ಹಂಗಿಲ್ಲದೆ ದಿನವಿಡೀ ಕೇಳುತ್ತವೆ.

ಲ್ಯಾಪ್‌ಟಾಪ್ ಏಕೆ ಬೇಡ ಎಂಬುದಕ್ಕೆ ನನ್ನ ಉತ್ತರ ಬ್ಯಾಟರಿಯಲ್ಲಿದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಬಿದ್ದು ನಗರದ ಬಹುಭಾಗದಲ್ಲಿ ವಿದ್ಯುತ್ತೂ ಮೊಬೈಲೂ ನಿಂತದ್ದನ್ನು ಇಲ್ಲಿನವರು ಮರೆತಿಲ್ಲ. 4ರಿಂದ 5 ವ್ಯಾಟ್ ಕುಡಿಯುವ ಈ ಬೋರ್ಡನ್ನು 12 ವೋಲ್ಟ್, 7 ಆಂಪಿಯರ್-ಅವರ್‌ನ ಸೀಲ್ಡ್ ಬ್ಯಾಟರಿಯೊಂದು, ಅರ್ಧ ಸಾಮರ್ಥ್ಯವನ್ನಷ್ಟೇ ಬಳಸಿದರೂ, ಏಳೆಂಟು ಗಂಟೆ ನಡೆಸುತ್ತದೆ. ರಿಗ್ಗಿಗೆ ಬೇರೆ ಬ್ಯಾಟರಿ ಇಡಬೇಕು.

2023ರ ಪೈ 5 ಇದಕ್ಕಿಂತ ಬಹಳ ವೇಗದ್ದು, ಗಡಿಯಾರವೂ ಬೋರ್ಡಿನಲ್ಲೇ ಇದೆ, ಅದರ ಬ್ಯಾಟರಿಯನ್ನು ಮಾತ್ರ ಬೇರೆ ಕೊಳ್ಳಬೇಕು. ಆದರೆ ಪೂರ್ಣ ಸಾಮರ್ಥ್ಯಕ್ಕೆ ಅದು 5 ಆಂಪಿಯರ್ ಸಪ್ಲೈ ಕೇಳುತ್ತದೆ, ಬ್ಯಾಟರಿಯಲ್ಲಿ ನಡೆಸಬೇಕೆಂಬ ನನ್ನಂಥವರಿಗೆ ಅದು ಭಾರ. ಹಲವು ಎಸ್‌ಡಿಆರ್ ಡಾಂಗಲುಗಳನ್ನು ಒಟ್ಟಿಗೆ ನಡೆಸುವವರು ಅದನ್ನು ಕೊಳ್ಳಲಿ. ಡಬ್ಲ್ಯುಎಸ್‌ಪಿಆರ್ (ದುರ್ಬಲ ಬೀಕನ್ ಸಂಕೇತಗಳ ವಿಧಾನ) ಅಥವಾ ಎಪಿಆರ್‌ಎಸ್ ಆಲಿಸುವುದಷ್ಟೇ ಉದ್ದೇಶವಾಗಿದ್ದರೆ 512 ಎಂಬಿ ಮೆಮೊರಿಯ ಪೈ ಝೀರೊ 2 ಡಬ್ಲ್ಯು ಸಾಕು. ಎಫ್‌ಟಿ8 ನಡೆಸುವವರಿಗೆ ನಾನು ಈಗಲೂ ಪೈ 4ನ್ನೇ ಹೇಳುತ್ತೇನೆ, 2 ಜಿಬಿಯ ಮಾದರಿಯಾದರೂ ನಡೆಯುತ್ತದೆ. ಅದರಲ್ಲಿ ಉಳಿಯುವ ಹಣಕ್ಕೆ ಮುಂಬಯಿಯ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಲ್ಯಾಮಿಂಗ್ಟನ್ ರೋಡಿಗೆ ಹೋದ ದಿನವೇ ಒಳ್ಳೆಯ ಅಡಾಪ್ಟರು, ಡಿಎಸ್3231 ಮಾಡ್ಯೂಲು ಮತ್ತು ಒಂದೆರಡು ಫೆರೈಟ್ ಉಂಗುರಗಳನ್ನೂ ತಂದುಬಿಡಿ.