ಇಎನ್8, ಇಎನ್24, ಸ್ಟೇನ್‌ಲೆಸ್: ಶಾಫ್ಟಿಗೆ ಯಾವುದು?

ಶಿರಸಿಯ ಅಡಿಕೆ ಸುಲಿಯೋ ಮಷಿನ್ನಿಗೂ ಕಾರವಾರದ ಐಸ್ ಕ್ರಷರ್‌ಗೂ ಒಂದೇ ಮಾಲಿನ ಶಾಫ್ಟ್ (ತಿರುಗುವ ಕಬ್ಬಿಣದ ದಂಡ) ಸಾಕಾ ಅಂತ ಕೇಳಿದ್ದೀರಿ. ಸಾಲದು.

ಇಎನ್8, ಇಎನ್24 ಎರಡೂ ಉಕ್ಕಿನ ದರ್ಜೆಗಳು; ದುಡ್ಡಿನ ಲೆಕ್ಕದಲ್ಲಿ ಇಎನ್8 ಅಗ್ಗ. ಲೇತ್‌ನಲ್ಲಿ ಕೆಲಸವೂ ಸಲೀಸು. ಅಡಿಕೆ ಮಷಿನ್ನಿಗೆ ಇದೇ ಧಾರಾಳ. ಇಎನ್24ರಲ್ಲಿ ನಿಕ್ಕಲ್, ಕ್ರೋಮಿಯಂ, ಮಾಲಿಬ್ಡಿನಂ ಇರುವುದರಿಂದ ಗಟ್ಟಿ ಜಾಸ್ತಿ, ಪದೇಪದೇ ಜಾಮ್ ಆಗಿ ಜಗ್ಗುವ ಕಡೆ ಹಾಕಿ; ಆದರೆ ಹೀಟ್ ಟ್ರೀಟ್‌ಮೆಂಟ್ (ಕಾಯಿಸಿ ತಣಿಸಿ ಗಟ್ಟಿ ಮಾಡೋದು) ಆಗಿರುವ ಮಾಲನ್ನೇ ಕೇಳಿ ತಗೊಳ್ಳಿ, ಇಲ್ಲಾಂದ್ರೆ ದುಡ್ಡು ದಂಡ.

ಶಾಫ್ಟ್ ಬಳುಕುತ್ತದೆ ಅಂತ ಸುಮ್ನೆ ಇಎನ್24ಕ್ಕೆ ಹೋಗಬೇಡಿ. ಬಳುಕೋದು ಎರಡರಲ್ಲೂ ಹೆಚ್ಚುಕಮ್ಮಿ ಅಷ್ಟೇ. ಅದರ ಬದಲು ದಪ್ಪ ಹೆಚ್ಚಿಸಿ: 40 ಎಂಎಂ ಇದ್ದದ್ದನ್ನು 45 ಮಾಡಿದರೆ ಬಳುಕದೆ ನಿಲ್ಲುವ ಬಿಗಿ ಸುಮಾರು ಶೇ. 60 ಜಾಸ್ತಿಯಾಗುತ್ತದೆ. ಬೇರಿಂಗೂ ಬದಲಾಗಬೇಕು, ಅದು ಬೇರೆ ಖರ್ಚು.

ಕರಾವಳಿಯ ಉಪ್ಪು ಗಾಳಿಗೆ ಇಎನ್8, ಇಎನ್24 ಎರಡೂ ತುಕ್ಕು ಹಿಡಿಯುತ್ತವೆ. ಸೀಲ್ ಕೂರುವ ಜಾಗದಲ್ಲಿ ಉಗುರಿಗೆ ತಾಗುವಷ್ಟು ಗುಳಿ ಬಿದ್ದರೂ ಸೀಲ್ ಸವೆದು ನೀರು ಬೇರಿಂಗಿಗೆ ಇಳಿಯುತ್ತದೆ. ಮೀನು, ಐಸ್ ಕೆಲಸಕ್ಕೆ 316 ದರ್ಜೆಯ ಸ್ಟೇನ್‌ಲೆಸ್ ಒಳ್ಳೆಯದು, 304 ದರ್ಜೆಗಿಂತ ಉಪ್ಪಿಗೆ ಜಾಸ್ತಿ ತಡೆಯುತ್ತದೆ. ದುಬಾರಿ ನಿಜ. ಮತ್ತೆ ಸಾದಾ 316 ಇಎನ್24ರಷ್ಟು ಗಟ್ಟಿಯಲ್ಲ, ಹಾಗಾಗಿ ಕ್ರಷರ್‌ಗಾದರೆ ದಪ್ಪ ಹೆಚ್ಚಿಸಿಯೇ ಮಾಡಿಸಿ.

ಯಾವುದನ್ನೇ ಆರಿಸಿದರೂ ಕೀವೇ (ಕೀ ಕೂರಲು ಶಾಫ್ಟಿನಲ್ಲಿ ಕೊರೆಯುವ ಗಾಡಿ) ಮೂಲೆ ಚೂಪಾಗಿ ಬಿಡಬೇಡಿ ಅಂತ ಟರ್ನರ್‌ಗೆ ಹೇಳಿ, ಬಿರುಕು ಶುರುವಾಗೋದು ಹೆಚ್ಚಾಗಿ ಅಲ್ಲಿಂದಲೇ.