ಸಿಯೆರಾ ಕಾಲವೋ, ಸೂಪರ್ ಟೂರಿಂಗ್ ಕಾಲವೋ: ಹಳೆಯ ಬ್ರಿಟಿಷ್ ಟೂರಿಂಗ್ ಕಾರ್ ರೇಸ್‌ಗಳಲ್ಲಿ ಮೊದಲು ನೋಡುವುದು ಯಾವುದು?

ದಿನಬಳಕೆಯ ಕಾರುಗಳನ್ನೇ ರೇಸ್‌ಗೆ ಸಜ್ಜುಗೊಳಿಸಿ ಓಡಿಸುವ, 1958ರಲ್ಲಿ ಶುರುವಾದ ಈ ಚಾಂಪಿಯನ್‌ಶಿಪ್‌ನ ಎಲ್ಲವನ್ನೂ ನೋಡಲಾಗದು. ಆಯ್ಕೆ ಈ ಎರಡು ಕಾಲಗಳ ನಡುವೆ ಇರಲಿ.

ಎಂಬತ್ತರ ದಶಕದ ಕೊನೆಯ ಗ್ರೂಪ್ ಎ (ಆಗಿನ ರೇಸ್ ಕಾರುಗಳ ನಿಯಮಾವಳಿ) ಎಂದರೆ ಫೋರ್ಡ್ ಸಿಯೆರಾ ಆರ್‌ಎಸ್500. ಟರ್ಬೊ ಎಂಜಿನ್, 500ಕ್ಕೂ ಹೆಚ್ಚು ಅಶ್ವಶಕ್ತಿ, ತಿರುವಿನಿಂದ ಹೊರಬರುವಾಗ ಹಿಂದಿನ ಚಕ್ರಗಳ ಒದ್ದಾಟ. ಕಣ್ಣಿಗೆ ಹಬ್ಬ. ಆದರೆ ಅಂಕಗಳ ಲೆಕ್ಕ ಹೊಸಬರಿಗೆ ತಲೆಗೆ ಹತ್ತದು: ಎಂಜಿನ್ ಗಾತ್ರಕ್ಕೆ ತಕ್ಕಂತೆ ಕಾರುಗಳ ವರ್ಗಗಳು, ಪ್ರತಿ ವರ್ಗಕ್ಕೂ ಬೇರೆ ಅಂಕ. ಹಾಗಾಗಿ ರೇಸ್‌ಗಳನ್ನು ಸಿಯೆರಾಗಳು ಬಾಚಿಕೊಂಡರೂ 1989ರ ಪಟ್ಟ ಸಿಕ್ಕಿದ್ದು ಪುಟ್ಟ ವಾಕ್ಸ್‌ಹಾಲ್ ಆಸ್ಟ್ರಾ ಓಡಿಸಿದ ಜಾನ್ ಕ್ಲೆಲೆಂಡ್‌ಗೆ.

1991ರಿಂದ 2000ರವರೆಗಿನ ಸೂಪರ್ ಟೂರಿಂಗ್ ನಿಯಮಗಳ ಕಾಲದಲ್ಲಿ ಆ ಗೊಂದಲವಿಲ್ಲ. ಎಲ್ಲರಿಗೂ ಎರಡು ಲೀಟರಿನ, ಟರ್ಬೊ ಇಲ್ಲದ ಎಂಜಿನ್; ಮುಂದೆ ಬಂದವನೇ ಗೆದ್ದವನು. ಬಾಗಿಲಿಗೆ ಬಾಗಿಲು ಉಜ್ಜುವ ಪೈಪೋಟಿ. 1994ರಲ್ಲಿ ವೋಲ್ವೊ ತನ್ನ 850 ಎಸ್ಟೇಟನ್ನೇ, ಸಂಸಾರಸ್ಥರ ಉದ್ದನೆಯ ಗಾಡಿಯನ್ನೇ, ಕಣಕ್ಕಿಳಿಸಿತು! ಕಂಪನಿಗಳು ನೀರಿನಂತೆ ಹಣ ಸುರಿದದ್ದೇ ಕೊನೆಗೆ ಈ ಕಾಲವನ್ನು ಮುಗಿಸಿತು.

ಶಬ್ದ, ಶಕ್ತಿ ಬೇಕಿದ್ದರೆ ಸಿಯೆರಾ. ನನ್ನನ್ನು ಕೇಳಿದರೆ, 1992ರಲ್ಲಿ ಸಿಲ್ವರ್‌ಸ್ಟೋನ್ ಟ್ರ್ಯಾಕ್‌ನಲ್ಲಿ ನಡೆದ ಆ ವರ್ಷದ ಕೊನೆಯ ರೇಸ್‌ನಿಂದಲೇ ಆರಂಭಿಸಿ. ಪಟ್ಟಕ್ಕಾಗಿ ಸೆಣಸುತ್ತಿದ್ದ ಕ್ಲೆಲೆಂಡ್ ಹಾಗೂ ಇನ್ನೊಬ್ಬ ಚಾಲಕ ಸ್ಟೀವ್ ಸೋಪರ್ ಡಿಕ್ಕಿಯಾಗಿ ಹೊರಬಿದ್ದರು. ಪಟ್ಟ ಟಿಮ್ ಹಾರ್ವೆಯದಾಯಿತು.