ಹರ್ಬೇರಿಯಂ ಕಿಟ್: ಪ್ರೆಸ್ ಚೆನ್ನಾಗಿದೆ, ಆದರೆ ಮಳೆಗಾಲದ ಲೆಕ್ಕವೇ ಇಲ್ಲ

ಬಿ.ಎಸ್ಸಿ. ಸಸ್ಯಶಾಸ್ತ್ರದವರಿಗೆಂದು ಮಂಗಳೂರು, ಉಡುಪಿಯ ಅಂಗಡಿಗಳಲ್ಲಿ ಸಿಗುವ, ಗಿಡಗಳನ್ನು ಒತ್ತಿ ಒಣಗಿಸಿ ಹಾಳೆಗೆ ಅಂಟಿಸಿಡುವ (ಅದೇ ಹರ್ಬೇರಿಯಂ) ರೆಡಿಮೇಡ್ ಕಿಟ್ ಇದು. ಬೆಲ್ಟ್ ಸಮೇತ ಪ್ಲೈವುಡ್ ಪ್ರೆಸ್, 20 ಬ್ಲಾಟಿಂಗ್ ಹಾಳೆ, 10 ಹರ್ಬೇರಿಯಂ ಶೀಟ್, ಅಷ್ಟೇ ಲೇಬಲ್, ಒಂದು ಹ್ಯಾಂಡ್ ಲೆನ್ಸ್, ಚಿಮಟ, ಎರಡು ಸೂಜಿ, ಒಂದು ಪೊಟ್ಟಣ ನುಸಿಗುಳಿಗೆ. ಬಯಲುಸೀಮೆಯಲ್ಲಾದರೆ ಇಷ್ಟರಲ್ಲಿ ಕೆಲಸ ಸಾಗುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮಲ್ಲಿ ಸಾಗುವುದಿಲ್ಲ. ತಮಾಷೆಯೆಂದರೆ ಕೊಣಾಜೆಯ ಪದವಿನಲ್ಲಾಗಲಿ (ಗುಡ್ಡದ ಮೇಲಿನ ಬಯಲು) ಮಣಿಪಾಲದ ಮುರಕಲ್ಲಿನ (ಜಂಬಿಟ್ಟಿಗೆ) ಮೇಲಾಗಲಿ ನೋಡತಕ್ಕ ಸಣ್ಣ ಗಿಡಗಳೆಲ್ಲ, ಗೌರಿಹೂ (ಇಂಪೇಶನ್ಸ್), ಬಿಳಿ ಗುಂಡಿಯಂಥ ಹೂಗೊಂಚಲಿನ ಎರಿಯೊಕೌಲಾನ್, ಕೀಟ ಹಿಡಿಯುವ ಯುಟ್ರಿಕ್ಯುಲೇರಿಯಾ, ಹೂ ಬಿಡುವುದೇ ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೆ.

ಪ್ರೆಸ್ಸಿನ ಅಳತೆ 30×45 ಸೆಂ.ಮೀ., ಸರಿಯಾಗಿದೆ. ಗಾಳಿಯಾಡಲು ತೂತುಗಳೂ ಇವೆ. ಪ್ಲೈವುಡ್ಡಿನ ಅಂಚಿಗೆ ಮಾತ್ರ ಏನೂ ಬಳಿದಿಲ್ಲ. ಒದ್ದೆ ಹಿಡಿದರೆ ಪದರ ಬಿಚ್ಚುತ್ತದೆ. ಕೊಂಡ ದಿನವೇ ಅಂಚಿಗೆ ಎರಡು ಸಲ ವಾರ್ನಿಶ್ ಬಳಿದುಬಿಡಿ. ಗಿಡ ಒಣಗುತ್ತ ಕಟ್ಟು ತೆಳ್ಳಗಾಗುವುದರಿಂದ ದಿನಾ ಬೆಲ್ಟ್ ಬಿಗಿಯಬೇಕು, ಪ್ಲಾಸ್ಟಿಕ್ ಬಕಲ್ ಅಲ್ಲೇ ಜಾರುತ್ತದೆ. ಕಬ್ಬಿಣದ ಬಕಲ್ಲಿನ ಹತ್ತಿ ಬೆಲ್ಟ್ ಹಾಕಿಸಿಕೊಂಡರೆ ತುಕ್ಕು ಹಿಡಿದೀತು, ಆದರೆ ಹಿಡಿತ ಬಿಡುವುದಿಲ್ಲ.

ದೊಡ್ಡ ಕೊರತೆ ಎಂದರೆ ಸುರುಳಿ ರಟ್ಟು, ಅಂದರೆ ಒಳಗೆ ಅಲೆಯಲೆಯಾಗಿ ಕೊಳವೆಗಳಿರುವ ರಟ್ಟು, ಕಿಟ್‌ನಲ್ಲಿ ಒಂದೂ ಇಲ್ಲ. ಬ್ಲಾಟಿಂಗ್ ಹಾಳೆ ನೀರು ಹೀರುತ್ತದೆ ಅಷ್ಟೇ, ಹೊರಗೆ ಕಳಿಸುವುದಿಲ್ಲ. ಕಳಿಸುವುದು ರಟ್ಟಿನ ಕೊಳವೆಗಳಲ್ಲಿ ಓಡಾಡುವ ಗಾಳಿ. ಅದಿಲ್ಲದೆ ಬಿಗಿದರೆ ಮೂರನೇ ದಿನಕ್ಕೆ ಎಲೆ ಕಪ್ಪಗಾಗಿ ಬೂಸ್ಟು ಹಿಡಿಯುತ್ತದೆ. ನಿಧಾನವಾಗಿ ಸಾಯುವ ಎಲೆಯ ಬಣ್ಣ ಉಳಿಯುವುದಿಲ್ಲ. ದಿನಸಿ ಅಂಗಡಿಯ ಖಾಲಿ ರಟ್ಟಿನ ಪೆಟ್ಟಿಗೆ ತಂದು, ಕೊಳವೆಗಳು 30 ಸೆಂ.ಮೀ. ಬದಿಗೆ ಸಮಾನಾಂತರವಾಗಿ ಬರುವಂತೆ ಕತ್ತರಿಸಿ. ರಟ್ಟು, ಬ್ಲಾಟಿಂಗ್, ಗಿಡವಿಟ್ಟ ಪತ್ರಿಕೆ, ಬ್ಲಾಟಿಂಗ್, ಮತ್ತೆ ರಟ್ಟು. ಹೀಗೆ 10 ಗಿಡಕ್ಕೆ 11 ರಟ್ಟು, 20 ಬ್ಲಾಟಿಂಗ್. ಅಂದರೆ ಕಿಟ್‌ನ ಹಾಳೆಗಳೆಲ್ಲ ಮೊದಲ ದಿನವೇ ಒಳಗೆ ಹೋದವು, ಬದಲಿಸಲು ಒಂದೂ ಉಳಿಯಲಿಲ್ಲ. ಇನ್ನೂ 20 ಬೇಕೇ ಬೇಕು. ಪತ್ರಿಕೆಯಲ್ಲೂ ನುಣುಪಾದ ಪುರವಣಿ ಹಾಳೆ ಬೇಡ, ಅದು ನೀರು ಹೀರುವುದಿಲ್ಲ.

ಮಳೆಗಾಲದಲ್ಲಿ ಮೊದಲ ಮೂರು ದಿನ ಬೆಳಿಗ್ಗೆ, ಸಂಜೆ ಬ್ಲಾಟಿಂಗ್ ಬದಲಿಸಿ. ಮೊದಲ ಬದಲಾವಣೆಯಲ್ಲೇ ಎಲೆ, ಹೂ ಸರಿಪಡಿಸಬೇಕು. ಆಗ ಗಿಡ ಬಾಡಿ ಬಗ್ಗುತ್ತದೆ, ಆಮೇಲೆ ಮುಟ್ಟಿದರೆ ಮುರಿಯುತ್ತದೆ. ಒಂದೆರಡು ಎಲೆಯ ಬೆನ್ನು ಮೇಲಕ್ಕಿರಲಿ. ಬಿಸಿ ಬೇಕಿದ್ದರೆ ಪ್ರೆಸ್ಸನ್ನು ಉದ್ದ ಬದಿಯ ಮೇಲೆ ನಿಲ್ಲಿಸಿ, ಕೆಳಗೆ ಒಂದಿಷ್ಟು ಅಂತರ ಬಿಟ್ಟು 60 ವ್ಯಾಟಿನ ಹಳೇ ಬಲ್ಬ್ ಉರಿಸಿ. ಬಿಸಿಗಾಳಿ ಕೊಳವೆಯೊಳಗಿಂದ ನೇರ ಮೇಲಕ್ಕೆ ಹೋಗುತ್ತದೆ. ಎಲ್‌ಇಡಿಯಿಂದ ಪ್ರಯೋಜನವಿಲ್ಲ. ಬಲ್ಬ್ ಉರಿಸಿಟ್ಟು ಮಲಗಬೇಡಿ, ರಟ್ಟಿಗೆ ಬೆಂಕಿ ಹತ್ತಲು ಹೆಚ್ಚು ಹೊತ್ತು ಬೇಡ. ಬಚ್ಚಲ ಒಲೆಯ ಮೇಲಿನ ಅಟ್ಟವೂ ಆಗುತ್ತದೆ, ಮಸಿಯೊಂದು ಬೀಳದಂತೆ ನೋಡಿಕೊಂಡರೆ. ಒಣಗಿತೇ ಎಂದು ತಿಳಿಯಲು ಎಲೆಯನ್ನು ಕೆನ್ನೆಗೆ ತಾಗಿಸಿ: ತಣ್ಣಗೆನಿಸಿದರೆ ಇನ್ನೂ ನೀರಿದೆ.

ಕಿಟ್‌ನ ಜೊತೆ ಬರುವ ಸೂಚನಾಪತ್ರ ಎಲ್ಲ ಗಿಡವನ್ನೂ ಒಂದೇ ಎಂದುಕೊಂಡಿದೆ. ಸೀತಾಳೆದಂಡೆಯಂಥ ಆರ್ಕಿಡ್ ಪ್ರೆಸ್ಸಿನೊಳಗೂ ದಿನಗಟ್ಟಲೆ ಬದುಕಿದ್ದು ಎಲೆ ಉದುರಿಸುತ್ತದೆ; ಹೂವನ್ನು ಹೊರಗಿಟ್ಟು ಉಳಿದದ್ದನ್ನು ಕುದಿಯುವ ನೀರಲ್ಲಿ ಕೆಲವು ಸೆಕೆಂಡು ಅದ್ದಿ ಒರೆಸಿ ಇಡಬೇಕು. ಗೌರಿಹೂವಿನ ದಳ ಕಾಗದಕ್ಕೆ ಕಚ್ಚಿಕೊಳ್ಳುತ್ತದೆ, ಮೇಲೂ ಕೆಳಗೂ ಟಿಶ್ಯೂ ಕಾಗದ ಇಡಿ, ಒಣಗುವ ತನಕ ಅದನ್ನು ಬಿಡಿಸಬೇಡಿ. ಯುಟ್ರಿಕ್ಯುಲೇರಿಯಾವನ್ನು ಕಿತ್ತರೆ ಕೀಟ ಹಿಡಿಯುವ ಚೀಲಗಳು ಮಣ್ಣಲ್ಲೇ ಉಳಿಯುತ್ತವೆ. ಮಣ್ಣಿನ ಹೆಂಟೆಯನ್ನೇ ಎತ್ತಿ ಬಟ್ಟಲ ನೀರಲ್ಲಿ ತೊಳೆದು, ನೀರಿನೊಳಗೆ ಕಾಗದ ತೂರಿಸಿ ಗಿಡವನ್ನು ಅದರ ಮೇಲೆ ಹರಡಿ ಎತ್ತಬೇಕು. ಉದ್ದದ ಹುಲ್ಲನ್ನು ಕತ್ತರಿಸಬೇಡಿ, ಅಂಕುಡೊಂಕಾಗಿ ಮಡಚಿ.

ಲೆನ್ಸಿನ ಮೇಲೆ 10ಎಕ್ಸ್ ಎಂದಿದೆ. ಸುಳ್ಳು. ನಿಜವಾದ 10ಎಕ್ಸ್ ಲೆನ್ಸಿನಲ್ಲಿ ವಸ್ತು ಸ್ಪಷ್ಟವಾಗುವುದು 2.5 ಸೆಂ.ಮೀ. ದೂರದಲ್ಲಿ, ಇದರಲ್ಲಿ 8 ಸೆಂ.ಮೀ. ಬೇಕಾಯಿತು. ಬರಿಗಣ್ಣು ಸ್ಪಷ್ಟವಾಗಿ ನೋಡಬಲ್ಲ ಹತ್ತಿರದ ದೂರ 25 ಸೆಂ.ಮೀ. ಎಂದು ಲೆಕ್ಕ; 25ನ್ನು 8ರಿಂದ ಭಾಗಿಸಿದರೆ ಮೂರು ಚಿಲ್ಲರೆ, ಅಷ್ಟೇ ಇದರ ಶಕ್ತಿ. ಅಂಗಡಿಯಲ್ಲೇ ಸ್ಕೇಲ್ ಇಟ್ಟು ನೋಡಬಹುದು. ಗಿಡ ಗುರುತಿಸುವ ಪುಸ್ತಕವಾದ ಗ್ಯಾಂಬಲ್ಲನ ಮದ್ರಾಸ್ ಪ್ರಾಂತ್ಯದ ಫ್ಲೋರಾದಲ್ಲಿ (1956ರ ತನಕ ನಮ್ಮ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿನದೇ ಆದ್ದರಿಂದ ಇಲ್ಲಿನ ಗಿಡಗಳೂ ಅದರೊಳಗಿವೆ) ಕೀಲಿ (ಲಕ್ಷಣ ಕೇಳುತ್ತ ಹೆಸರಿಗೆ ಒಯ್ಯುವ ಪ್ರಶ್ನೆಗಳ ಪಟ್ಟಿ) ಹಿಡಿದು ಹೋಗುವಾಗ ಕೇಸರದ ಲೆಕ್ಕ, ಎಲೆಯ ರೋಮ ಎಲ್ಲ ಕೇಳುತ್ತದೆ. ಈ ಲೆನ್ಸಿನಲ್ಲಿ ಅದು ಕಾಣದು. ಗಾಜಿನ ಲೆನ್ಸ್ ಬೇರೆಯೇ ತೆಗೆದುಕೊಳ್ಳಿ.

ಶೀಟ್ ತೆಳು, ಕೇಪಳದ ಕೊಂಬೆಗೇ ಬಗ್ಗುತ್ತದೆ. ನಿಯಮದ ಅಳತೆ ಸುಮಾರು 29×42 ಸೆಂ.ಮೀ., ಅಂದರೆ ಹೆಚ್ಚುಕಡಿಮೆ ಎ3. ಜೆರಾಕ್ಸ್ ಅಂಗಡಿಯ ದಪ್ಪ ಎ3 ಕಾರ್ಡ್ (250 ಜಿಎಸ್‌ಎಂ) ಇದಕ್ಕಿಂತ ವಾಸಿ. ಕೊಂಬೆಗೆ ದಾರದ ಹೊಲಿಗೆ ಹಾಕಿ, ಎಲೆಗೆ ಅಂಟು ಸಾಕು. ಸೆಲ್ಲೋಟೇಪ್ ಬೇಡ, ಹಳದಿಯಾಗಿ ಅಂಟು ಜಿನುಗುತ್ತದೆ.

ಹುಳಕ್ಕೆ ನುಸಿಗುಳಿಗೆ ಮಾತ್ರ ಸಾಲದು. ಹಿಂದೆ ಹುಳ ಬರದಂತೆ ಗಿಡಕ್ಕೆ ಹಾಕುತ್ತಿದ್ದ ಮರ್ಕ್ಯುರಿಕ್ ಕ್ಲೋರೈಡ್ ಕಿಟ್‌ನಲ್ಲಿ ಇಲ್ಲದ್ದು ಒಳ್ಳೆಯದೇ, ಅದು ವಿಷ. ಒಣಗಿದ ಗಿಡವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಡೀಪ್ ಫ್ರೀಜರಿನಲ್ಲಿ ಒಂದು ವಾರ ಇಡಿ. ತೆಗೆದ ಮೇಲೆ ಚೀಲ ಮಾಮೂಲಿ ಉಷ್ಣತೆಗೆ ಬರುವ ತನಕ ಬಿಚ್ಚಬಾರದು, ಬಿಚ್ಚಿದರೆ ಗಿಡದ ಮೇಲೇ ನೀರು ಕಟ್ಟುತ್ತದೆ.

ಲೇಬಲ್ ನೋಡಿದರೆ ಸಿಟ್ಟು ಬರುತ್ತದೆ. ವರ್ಗ, ಗಣ, ಕುಟುಂಬಕ್ಕೆ ಮೂರು ಸಾಲು, ಸ್ಥಳಕ್ಕೆ ಅರ್ಧ ಸಾಲು. ಕುಟುಂಬ ಯಾವುದೆಂದು ಗಿಡ ನೋಡಿ ಯಾವಾಗ ಬೇಕಾದರೂ ಹೇಳಬಹುದು, ಎಲ್ಲಿ ಕಿತ್ತದ್ದೆಂದು ಗಿಡ ಹೇಳುವುದಿಲ್ಲ. ಬಿಳಿ ಕಾಗದದಲ್ಲಿ ನೀವೇ ಬರೆದು ಶೀಟಿನ ಕೆಳಗಿನ ಬಲಮೂಲೆಗೆ ಅಂಟಿಸಿ: ಸಂಗ್ರಹ ಸಂಖ್ಯೆ, ದಿನಾಂಕ, "ಕೊಣಾಜೆ, ಮುರಕಲ್ಲಿನ ಮೇಲೆ ನೀರು ನಿಂತ ತಗ್ಗು", ಹೂವಿನ ಬಣ್ಣ. ಬಣ್ಣವನ್ನು ಗಿಡ ಕೀಳುವಾಗಲೇ ಬರೆದುಕೊಳ್ಳಿ, ಗೌರಿಹೂವಿನ ಗುಲಾಬಿ ಪ್ರೆಸ್ಸಿನಲ್ಲಿ ಉಳಿಯುವುದಿಲ್ಲ.